ಕಾಫಿ ಕಾಂಡದಲ್ಲಿ ಕೆತ್ತನೆ ಕೆಲಸ: ಹೊಸದಾಗಿ ಆರಂಭಿಸುವವರಿಗೆ ಸಲಹೆ



ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸದ ಸುತ್ತಮುತ್ತಲ ತೋಟಗಳಲ್ಲಿ ಕಾಫಿ ಕೊಯ್ಲು ಮುಗಿದೊಡನೆ ಮುದಿ ಗಿಡಗಳನ್ನು ಕಿತ್ತು ಹೊಸ ಸಸಿಗೆ ಜಾಗ ಮಾಡುವ ಕೆಲಸ ನಡೆಯುತ್ತದೆ. ಹಳೆಯ ರೊಬಸ್ಟಾ ಗಿಡಗಳನ್ನು ಬುಡದಿಂದ ಸ್ವಲ್ಪ ಮೇಲೆ ಕಡಿದು ಹೊಸ ಚಿಗುರು ಬರಿಸುವುದೂ ಉಂಟು. ಹೀಗೆ ದೊರೆತ ಕಾಂಡವೆಲ್ಲ ಸಾಮಾನ್ಯವಾಗಿ ಬಚ್ಚಲೊಲೆಗೆ ಹೋಗುತ್ತದೆ. ಅದರಲ್ಲಿ ನಾಲ್ಕಾರು ತುಂಡುಗಳನ್ನು ಆರಿಸಿ ತೆಗೆದಿಟ್ಟುಕೊಂಡರೆ, ಜೂನ್ ನಂತರ ಮಳೆ ಹಿಡಿದು ಹೊರಗೆ ಹೋಗಲಾಗದ ದಿನಗಳಲ್ಲಿ ಮನೆಯ ಜಗಲಿಯಲ್ಲೇ ಕೆತ್ತನೆ ಕಲಿಯಬಹುದು.

ನಮ್ಮ ನಾಡಿನ ಕೆತ್ತನೆ ಕಸುಬುಗಳೆಲ್ಲ ಒಂದೊಂದು ಮರವನ್ನು ನಂಬಿ ಬೆಳೆದಿವೆ. ಸಾಗರ, ಸೊರಬಗಳ ಗುಡಿಗಾರರ ಹೆಸರು ಶ್ರೀಗಂಧದೊಂದಿಗೆ ಸೇರಿಕೊಂಡಿದೆ. ಚನ್ನಪಟ್ಟಣದ ಬೊಂಬೆಗೆ ಹಾಲೆ ಮರ, ಮೈಸೂರಿನ ಕೆತ್ತು ಕೂರಿಸುವ ಕೆಲಸಕ್ಕೆ ಬೀಟೆ. ಆದರೆ ಗಂಧ, ಬೀಟೆ ಮುಂತಾದ ಮರಗಳನ್ನು, ಅವು ಸ್ವಂತ ತೋಟದಲ್ಲೇ ಇದ್ದರೂ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಕೈ ಪಳಗದವರು ಅಂಥ ಬೆಲೆಬಾಳುವ ಮರದ ಮೇಲೆ ಉಳಿ ಇಡುವುದೂ ಸಲ್ಲದು. ಕಾಫಿ ಕಾಂಡ ಕೈಗೆ ಸುಲಭವಾಗಿ ಸಿಗುವಂಥದು. ತಿಳಿ ಹಳದಿ ಬಣ್ಣ, ಒತ್ತಾದ ನಾರು; ಉಜ್ಜಿದಷ್ಟೂ ನುಣುಪು ಬರುತ್ತದೆ.

ಆದರೆ ಯಾವ ಕಾಂಡವನ್ನು ತೆಗೆದಿಡಬೇಕು, ಯಾವುದನ್ನು ಸುಡಬೇಕು ಎಂಬುದು ಉಳಿ ಹಿಡಿಯುವ ಮೊದಲೇ ತೀರ್ಮಾನವಾಗಬೇಕು. ಅರೇಬಿಕಾ ತೋಟಗಳ ದೊಡ್ಡ ಶತ್ರು ಬಿಳಿ ಕಾಂಡಕೊರಕ. ಈ ದುಂಬಿ ಕಾಂಡದ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಮೊದಲು ತೊಗಟೆಯ ಕೆಳಗೆ ಮೇಯ್ದು, ಬಳಿಕ ಮರದೊಳಕ್ಕೆ ಸುರಂಗ ಕೊರೆದು ತಿಂಗಳುಗಟ್ಟಲೆ ಅಲ್ಲಿಯೇ ಬೆಳೆಯುತ್ತದೆ. ದುಂಬಿಗಳು ಹೊರಬಂದು ಹಾರಾಡುವ ಕಾಲ ವರ್ಷಕ್ಕೆ ಎರಡು: ಏಪ್ರಿಲ್–ಮೇ ಒಂದು, ಮಳೆಗಾಲ ಕಳೆದ ಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಂದು. ಫೆಬ್ರವರಿಯಲ್ಲಿ ಕಿತ್ತ ಹುಳುಬಿದ್ದ ಕಾಂಡವನ್ನು "ಕೆತ್ತನೆಗೆ ಆಗಲಿ" ಎಂದು ಕೊಟ್ಟಿಗೆಯ ಅಟ್ಟದಲ್ಲಿ ಒಣಗಲಿಟ್ಟರೆ ಏಪ್ರಿಲ್‌ನಲ್ಲಿ ದುಂಬಿ ಅಲ್ಲಿಂದಲೇ ಹೊರಟು ಪಕ್ಕದ ತೋಟ ಸೇರುತ್ತದೆ. ಒಂದು ಸಟ್ಟುಗದ ಆಸೆಗೆ ಹತ್ತು ಗಿಡ ಕಳೆದುಕೊಂಡಂತಾಗುತ್ತದೆ. ಹುಳುಬಿದ್ದ ಗಿಡಗಳನ್ನು ಬೇರುಸಹಿತ ಕಿತ್ತು ತಡಮಾಡದೆ ಸುಡಬೇಕೆಂಬ ಶಿಫಾರಸು ಇರುವುದು ಇದಕ್ಕಾಗಿಯೇ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಸ್ಥಾಪನೆಯಾದ ಕಾಫಿ ಸಂಶೋಧನಾ ಕೇಂದ್ರದ ಸಲಹೆಯನ್ನು ಈ ವಿಷಯದಲ್ಲಿ ಪಡೆಯಬಹುದು.

ಹುಳುಬಿದ್ದ ಕಾಂಡದ ಗುರುತು ಕಷ್ಟವಲ್ಲ. ಎಲೆ ಹಳದಿಯಾಗಿ ಗಿಡ ಸೊರಗಿರುತ್ತದೆ. ಕಾಂಡದ ಮೇಲೆ ಉಬ್ಬಿದ ಗೆರೆಗಳಿರುತ್ತವೆ. ದುಂಬಿ ಹೊರಬಿದ್ದಿದ್ದರೆ ಗುಂಡನೆಯ ತೂತು ಕಾಣುತ್ತದೆ. ಗರಗಸದಲ್ಲಿ ಅಡ್ಡ ಕೊಯ್ದಾಗ ಹುಡಿ ತುಂಬಿದ ಸುರಂಗ ಕಂಡರೆ ಆ ತುಂಡು ಬೆಂಕಿಗೇ ಸೇರಬೇಕು. ರೊಬಸ್ಟಾದಲ್ಲಿ ಈ ಹುಳುವಿನ ಕಾಟ ಬಹಳ ಕಡಿಮೆ, ಕಾಂಡವೂ ದಪ್ಪ. ಆದ್ದರಿಂದ ಹೊಸಬರು ರೊಬಸ್ಟಾ ಕಾಂಡದಿಂದಲೇ ಆರಂಭಿಸುವುದು ಮೇಲು.

ಆರಿಸಿದ ಕಾಂಡವನ್ನು ಒಂದೂವರೆ ಅಡಿ ಉದ್ದದ ತುಂಡುಗಳಾಗಿ ಕೊಯ್ದು, ಹಸಿಯಿರುವಾಗಲೇ ತೊಗಟೆ ಸುಲಿದು, ನಡುವಿನ ತಿರುಳಿನ ಮೇಲೆ ಹಾದುಹೋಗುವಂತೆ ಉದ್ದಕ್ಕೆ ಎರಡು ಹೋಳು ಮಾಡಬೇಕು. ಇದರಿಂದ ಎರಡು ಪ್ರಯೋಜನ. ಇಡಿಯಾಗಿ ಒಣಗಿಸಿದ ಕಾಂಡ ತಿರುಳಿನಿಂದ ಹೊರಕ್ಕೆ ಬಿರುಕು ಬಿಡುತ್ತದೆ. ಹೋಳು ಮಾಡಿದರೆ ಬಿರುಕು ಕಡಿಮೆ. ಜೊತೆಗೆ, ಒಳಗೆ ಹುಳು ಅಡಗಿದ್ದರೆ ಆಗಲೇ ಕಣ್ಣಿಗೆ ಬೀಳುತ್ತದೆ. ಹೋಳುಗಳ ಎರಡೂ ತುದಿಗೆ ಕರಗಿಸಿದ ಮೇಣ ಅಥವಾ ಉಳಿದ ಬಣ್ಣ ಬಳಿದು, ಗಾಳಿಯಾಡುವ ನೆರಳಿನಲ್ಲಿ ನಡುವೆ ಕಡ್ಡಿಗಳನ್ನಿಟ್ಟು ಪೇರಿಸಬೇಕು. ಬಿಸಿಲಿಗೂ ಒಲೆಯ ಮೇಲಿನ ಅಟ್ಟಕ್ಕೂ ಹಾಕಬಾರದು. ದಪ್ಪ ಮರ ಒಣಗಲು ಅಂಗುಲಕ್ಕೆ ಸುಮಾರು ಒಂದು ವರ್ಷ ಎಂಬುದು ಮರಗೆಲಸದಲ್ಲಿ ರೂಢಿಯ ಲೆಕ್ಕ. ಸಟ್ಟುಗದಂಥ ತೆಳ್ಳನೆಯ ವಸ್ತುವಿಗೆ ಇಷ್ಟು ಕಾಯಬೇಕಾಗಿಲ್ಲ. ಅರೆಹಸಿಯಲ್ಲೇ ಒರಟಾಗಿ ಆಕಾರಕ್ಕೆ ತಂದು, ಕೆಲವು ವಾರ ನೆರಳಿನಲ್ಲಿ ಒಣಗಿಸಿ, ಅನಂತರ ಅಂತಿಮ ರೂಪ ಕೊಡಬಹುದು.

ಸಲಕರಣೆಗೆ ಹೆಚ್ಚು ಹಣ ಹಾಕಬೇಕಿಲ್ಲ. ಒಂದು ಕೈಗರಗಸ, ಹರಿತವಾದ ಕತ್ತಿ, ಅರ್ಧ ಅಂಗುಲದ ಚಪ್ಪಟೆ ಉಳಿ, ಅಷ್ಟೇ ಅಗಲದ ಗುಂಡುಬಾಯಿ ಉಳಿ, ಮರದ ಕೊಡತಿ, ಎರಡು ಮುಖದ ಸಾಣೆಕಲ್ಲು, ಮರಳು ಕಾಗದ ಇದ್ದರೆ ಸಾಕು. ಮೊದಲ ವಾರ ಕೆತ್ತನೆಗಿಂತ ಸಾಣೆ ಹಿಡಿಯುವುದನ್ನೇ ಕಲಿಯಬೇಕು. ಗಾಯವಾಗುವುದು ಹೆಚ್ಚಾಗಿ ಮೊಂಡು ಉಳಿಯಿಂದ. ಅದಕ್ಕೆ ಬಲ ಹೆಚ್ಚು ಹಾಕಬೇಕು, ಆಗ ಜಾರುತ್ತದೆ. ಮರವನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ವೈಸ್ ಅಥವಾ ಕ್ಲ್ಯಾಂಪ್‌ಗೆ ಸಿಕ್ಕಿಸಬೇಕು. ಉಳಿ ಸಾಗುವ ದಾರಿಯಲ್ಲಿ ಎಡಗೈ ಎಂದೂ ಇರಕೂಡದು.

ಮೊದಲ ಕೆಲಸಕ್ಕೆ ದೋಸೆ ಮಗುಚುವ ಸಟ್ಟುಗ ಒಳ್ಳೆಯದು. ಹೋಳಿನ ಮೇಲೆ ಸೀಸದಕಡ್ಡಿಯಿಂದ ಆಕಾರ ಬರೆದು, ಹೆಚ್ಚಿನ ಮರವನ್ನು ಕತ್ತಿಯಿಂದ ತೆಗೆದು, ಬಳಿಕ ಉಳಿಯಿಂದ ಚಕ್ಕೆ ಚಕ್ಕೆಯಾಗಿ ಹೆರೆಯಬೇಕು. ಮರ ಎದ್ದು ಬಂದು ಸೀಳತೊಡಗಿದರೆ ನಾರಿಗೆ ಎದುರಾಗಿ ಕೆತ್ತಲಾಗುತ್ತಿದೆ ಎಂದು ತಿಳಿದು ತಿರುಗಿಸಿ ಕೆತ್ತಬೇಕು. ಕಾಫಿ ಕಾಂಡದಲ್ಲಿ ರೆಕ್ಕೆಗಳು ಎದುರುಬದುರಾಗಿ ಹೊರಡುವಲ್ಲಿ ಗಂಟುಗಳಿದ್ದು ನಾರು ಸುತ್ತಿಕೊಂಡಿರುತ್ತದೆ. ಅಲ್ಲಿ ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪವಾಗಿ ತೆಗೆಯಬೇಕು. ಮುಗಿದ ಸಟ್ಟುಗಕ್ಕೆ ಕೊಬ್ಬರಿ ಎಣ್ಣೆ ಉಜ್ಜಿದರೆ ಸಾಕು. ಅಡಿಗೆಯ ವಸ್ತುವಿಗೆ ವಾರ್ನಿಷ್ ಬೇಡ.

ನಾಲ್ಕೈದು ಸಟ್ಟುಗಗಳಾದ ಮೇಲೆ ಉಬ್ಬು ಕೆತ್ತನೆಗೆ ಕೈಹಾಕಬಹುದು. ಇದಕ್ಕೆ ಶಿವನೆ ಅಥವಾ ಸಿಲ್ವರ್ ಓಕಿನ ಒಣ ಹಲಗೆ ಹಗುರ. ಕಾಫಿ ಎಲೆಯ ಚಿತ್ರ ಬರೆದು, ಗೆರೆಯ ಸುತ್ತ ಉಳಿಯನ್ನು ನೆಟ್ಟಗೆ ನಿಲ್ಲಿಸಿ ಕಚ್ಚು ಹಾಕಿ, ಹೊರಗಿನ ನೆಲವನ್ನು ಕಾಲು ಅಂಗುಲ ತಗ್ಗಿಸಿ, ಕೊನೆಗೆ ಎಲೆಯ ಅಂಚನ್ನು ಬಾಗಿಸಬೇಕು. ಸಿಲ್ವರ್ ಓಕಿನ ಹುಡಿಯಿಂದ ಕೆಲವರಿಗೆ ಚರ್ಮದ ತುರಿಕೆ ಬರುತ್ತದೆ. ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬಳಿಕ ಕೈ ತೊಳೆಯಬೇಕು.

ಇನ್ನೂ ಮುಂದೆ ಕಲಿಯಬಯಸುವ ಯುವಕ ಯುವತಿಯರಿಗೆ ಕಾರ್ಕಳದ ಬಳಿಯ ಮಿಯಾರಿನಲ್ಲಿ ಕೆನರಾ ಬ್ಯಾಂಕಿನ ಸಿ.ಇ. ಕಾಮತ್ ಕುಶಲಕರ್ಮಿಗಳ ತರಬೇತಿ ಸಂಸ್ಥೆ ಇದೆ. ಕಲ್ಲು, ಮರಗಳ ಕೆತ್ತನೆಯನ್ನು ಅಲ್ಲಿ ಕಲಿಸುತ್ತ ಬಂದಿದ್ದಾರೆ. ಕಳಸದವರಿಗೆ ಕುದುರೆಮುಖ ಘಟ್ಟ ಇಳಿದರೆ ಕಾರ್ಕಳ.

ಮೊದಲ ವರ್ಷ ಮಾರಾಟದ ಲೆಕ್ಕ ಹಾಕುವುದು ಬೇಡ. ಮನೆಗೆ ಬೇಕಾದುದನ್ನು ಮಾಡಿ ಕೈ ಕುದುರಿಸಿಕೊಂಡರೆ, ಕೊಳ್ಳುವವರನ್ನು ಹುಡುಕುವ ಮಾತು ಆಮೇಲೆ. ಈ ಸಲ ಗಿಡ ಕೀಳಿಸುವಾಗ ತೋಟದಲ್ಲೇ ಎರಡು ರಾಶಿ ಮಾಡಿಸಿರಿ: ಹುಳುಬಿದ್ದುದು ಒಂದು, ಆರೋಗ್ಯವಾದುದು ಇನ್ನೊಂದು. ಮೊದಲನೆಯದಕ್ಕೆ ಅಂದೇ ಬೆಂಕಿ ಹಾಕಿಸಿ. ಎರಡನೆಯದರಿಂದ ಮಾತ್ರ ನಾಲ್ಕು ತುಂಡು ಮನೆಗೆ ಬರಲಿ.