ಮೊಲೊಕಾಯಿ ಕಲಿಸಿದ ಪ್ರೀತಿ

ಕ್ರೈಸ್ತರ ಹೊಸ ಒಡಂಬಡಿಕೆ ಗ್ರೀಕ್ ಭಾಷೆಯಲ್ಲಿ ರಚಿತವಾದುದು. ಪ್ರೀತಿ ಎಂಬ ಅರ್ಥದಲ್ಲಿ ಅಲ್ಲಿ ಮತ್ತೆ ಮತ್ತೆ ಬರುವ ಶಬ್ದ ‘ಅಗಾಪೆ’. ಪ್ರತಿಫಲ ಬಯಸದೆ, ಎದುರಿನವರ ಯೋಗ್ಯತೆಯನ್ನು ಅಳೆಯದೆ, ತನ್ನನ್ನೇ ಕೊಟ್ಟುಕೊಳ್ಳುವ ಪ್ರೀತಿಯೆಂದು ಅದನ್ನು ವ್ಯಾಖ್ಯಾನಿಸುತ್ತಾರೆ. ಆದರೆ ಧರ್ಮಬೋಧೆಗೆಂದು ಪರದೇಶಕ್ಕೆ ಹೊರಟವನಿಗೆ ಇಲ್ಲೊಂದು ತೊಡಕುಂಟು. ಕೊಡುವವನು ತಾನು, ಪಡೆಯುವವರು ಅವರು ಎಂಬ ಭಾವನೆ ಅವನ ಗಂಟುಮೂಟೆಯೊಡನೆಯೇ ಹಡಗು ಹತ್ತುತ್ತದೆ. ಆ ಭಾವನೆ ಉಳಿದಿರುವವರೆಗೆ ದಾನ ಸಾಧ್ಯ, ಪ್ರೀತಿ ಸಾಧ್ಯವೇ? ಈ ಪ್ರಶ್ನೆಗೆ ನನಗೆ ದೊರೆತ ಉತ್ತರ ಹವಾಯಿ ದ್ವೀಪಗಳ ಚರಿತ್ರೆಯಲ್ಲಿದೆ.

ಬೆಲ್ಜಿಯಂ ದೇಶದ ಟ್ರೆಮೆಲೊ ಗ್ರಾಮದಲ್ಲಿ 1840ರಲ್ಲಿ ಜನಿಸಿದ ಜೋಸೆಫ್ ದ ವೂಸ್ಟರ್, ಕ್ಯಾಥೊಲಿಕ್ ಸನ್ಯಾಸಿ ಸಂಘವೊಂದನ್ನು ಸೇರಿ ಡೇಮಿಯನ್ ಎಂಬ ಹೆಸರು ಪಡೆದರು. ಹವಾಯಿಗೆ ಹೋಗಬೇಕಾಗಿದ್ದವರು ಅವರ ಅಣ್ಣ. ಅಣ್ಣ ಕಾಯಿಲೆ ಬಿದ್ದುದರಿಂದ ತಮ್ಮನೇ ಹೊರಟು 1864ರಲ್ಲಿ ಹೊನೊಲುಲು ತಲುಪಿದರು. ಮರುವರ್ಷ ಹವಾಯಿಯ ಅರಸೊತ್ತಿಗೆ ಕುಷ್ಠರೋಗಿಗಳನ್ನು ಬೇರ್ಪಡಿಸುವ ಕಾನೂನು ಮಾಡಿತು. 1866ರಿಂದ ರೋಗಿಗಳನ್ನು ಮೊಲೊಕಾಯಿ ದ್ವೀಪದ ಕಲೌಪಪ ಎಂಬ ಭೂಶಿರಕ್ಕೆ ಸಾಗಿಸತೊಡಗಿದರು. ಮೂರು ಕಡೆ ಸಮುದ್ರ; ನಾಲ್ಕನೆಯ ಕಡೆ ಗೋಡೆಯಂತೆ ನಿಂತ ಬೆಟ್ಟ. ಹೋದವರು ಮರಳುವ ಮಾತಿರಲಿಲ್ಲ.

1873ರ ಮೇ ತಿಂಗಳಲ್ಲಿ ಡೇಮಿಯನ್ ಸ್ವಇಚ್ಛೆಯಿಂದ ಅಲ್ಲಿಗೆ ಹೋದರು. ಪಾದ್ರಿಗಳು ಸರದಿಯ ಮೇಲೆ ಹೋಗಿಬರಬೇಕೆಂಬುದು ಮೊದಲ ಯೋಚನೆ. ಡೇಮಿಯನ್ ಅಲ್ಲಿಯೇ ನಿಂತರು. ಹುಣ್ಣು ತೊಳೆದರು, ಮನೆ ಕಟ್ಟಿದರು, ನೀರಿನ ಕೊಳವೆ ಹಾಕಿಸಿದರು, ಶವಪೆಟ್ಟಿಗೆಗಳನ್ನು ತಮ್ಮ ಕೈಯಿಂದಲೇ ಮಾಡಿದರು. ನಾರ್ವೆಯ ಹ್ಯಾನ್ಸನ್ ಈ ರೋಗದ ಸೂಕ್ಷ್ಮಾಣುವನ್ನು ಗುರುತಿಸಿದ್ದೂ ಅದೇ ವರ್ಷ. ಆದರೆ ಮದ್ದು ಇನ್ನೂ ಬಹು ದೂರವಿತ್ತು.

ಆ ನೆಲಕ್ಕೆ ಪ್ರೀತಿಯನ್ನು ತಂದವರು ಡೇಮಿಯನ್ ಎಂದು ನಾವು ಭಾವಿಸಿಬಿಡುತ್ತೇವೆ. ಪ್ರೀತಿ ಅವರಿಗಿಂತ ಮೊದಲೇ ಅಲ್ಲಿತ್ತು. ಹವಾಯಿ ಭಾಷೆಯಲ್ಲಿ ‘ಕೊಕುವ’ ಎಂದರೆ ನೆರವು. ತಮಗೆ ರೋಗವಿಲ್ಲದಿದ್ದರೂ ತಮ್ಮವರ ಆರೈಕೆಗೆಂದು ಜೊತೆಯಲ್ಲಿ ಗಡೀಪಾರಾಗಿ ಬಂದವರಿಗೂ ಅದೇ ಹೆಸರು. ಅವರಲ್ಲೊಬ್ಬರು ಜೋನಥನ್ ನಪೇಲ. ಹಿಂದೆ ನ್ಯಾಯಾಧೀಶರಾಗಿದ್ದ ಇವರು ರೋಗಪೀಡಿತ ಪತ್ನಿಯ ಜೊತೆಗೆ 1873ರಲ್ಲಿಯೇ ಅಲ್ಲಿಗೆ ಬಂದರು. ಇವರದು ಮೊರ್ಮನ್ ಪಂಥ, ಡೇಮಿಯನ್ನರದು ಕ್ಯಾಥೊಲಿಕ್. ಸಿದ್ಧಾಂತದಲ್ಲಿ ಸಾಮರಸ್ಯವಿಲ್ಲದ ಇವರಿಬ್ಬರೂ ಸ್ನೇಹಿತರಾದರು. ನಪೇಲರಿಗೂ ರೋಗ ತಗುಲಿ 1879ರಲ್ಲಿ ಅವರು ತೀರಿಕೊಂಡರು. ಇಂಥವರ ನಡುವೆ ಬಾಳಿದ ಬೋಧಕನೂ ಅವರಿಂದ ಕಲಿತನೆಂದು ನಾನು ನಂಬುತ್ತೇನೆ.

ಶ್ರೋತೃಗಳು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಬಂದ ವರ್ಷವೇ ಅಣ್ಣನಿಗೆ ಬರೆದ ಪತ್ರದಲ್ಲಿ ಡೇಮಿಯನ್, ಉಪದೇಶ ಮಾಡುವಾಗ ತಾವು ‘ಕುಷ್ಠರೋಗಿಗಳಾದ ನಾವು’ ಎಂದೇ ಹೇಳುವುದಾಗಿ ತಿಳಿಸಿದ್ದಾರೆ. ರೋಗ ಅವರಲ್ಲಿ ಖಚಿತವಾದುದು 1884ರ ಸುಮಾರಿಗೆ. ದೇಹಕ್ಕಿಂತ ಹತ್ತು ವರ್ಷ ಮೊದಲೇ ಅವರ ಮಾತಿನಲ್ಲಿ ‘ನೀವು’ ಹೋಗಿ ‘ನಾವು’ ಬಂದಿತ್ತು. 1889ರ ಏಪ್ರಿಲ್ 15ರಂದು ಅವರು ಕಣ್ಮುಚ್ಚಿದರು.

ಅವರು ಹಟಮಾರಿ, ಒರಟು ಎಂಬ ಟೀಕೆಗಳಿದ್ದವು. 1890ರಲ್ಲಿ ಅವರ ಪರವಾಗಿ ಬಹಿರಂಗ ಪತ್ರ ಬರೆದ ಸಾಹಿತಿ ರಾಬರ್ಟ್ ಲೂಯಿ ಸ್ಟೀವನ್‌ಸನ್ ಕೂಡ ಅವರ ದೋಷಗಳನ್ನು ಮುಚ್ಚಿಡಲಿಲ್ಲ. ಪ್ರೀತಿಗೆ ಪ್ರಾಣವನ್ನೇ ತೆರಬೇಕೆಂಬ ನಿಯಮವೂ ಇಲ್ಲ. 1888ರಲ್ಲಿ ಅಲ್ಲಿಗೆ ಬಂದ ಮದರ್ ಮೇರಿಯಾನ್ ಕೋಪ್, ಶುಚಿತ್ವವನ್ನು ಕಟ್ಟುನಿಟ್ಟಾಗಿ ಪಾಲಿಸಿ ಮೂವತ್ತು ವರ್ಷ ಸೇವೆ ಸಲ್ಲಿಸಿದರು. ರೋಗ ಅವರನ್ನು ಮುಟ್ಟಲಿಲ್ಲ. ಎಚ್ಚರಿಕೆಯೂ ಪ್ರೀತಿಯ ಒಂದು ರೂಪವೇ.

ಇಂದು ಈ ರೋಗಕ್ಕೆ ಖಚಿತವಾದ ಔಷಧವಿದೆ. ಹವಾಯಿಯಲ್ಲಿ ಬೇರ್ಪಡಿಸುವ ನಿಯಮ 1969ರಲ್ಲಿ ರದ್ದಾಯಿತು. ಅಷ್ಟರೊಳಗೆ ಸುಮಾರು 8,000 ಜನ ಅಲ್ಲಿಗೆ ಕಳಿಸಲ್ಪಟ್ಟಿದ್ದರು. ಡೇಮಿಯನ್ನರನ್ನು 2009ರಲ್ಲಿ, ಮೇರಿಯಾನರನ್ನು 2012ರಲ್ಲಿ ಚರ್ಚು ಸಂತರೆಂದು ಸಾರಿತು. ಗಂಡನ ಹಿಂದೆ ಹೆಂಡತಿಯಾಗಿ, ಹೆಂಡತಿಯ ಹಿಂದೆ ಗಂಡನಾಗಿ ಆ ದಡಕ್ಕಿಳಿದ ಕೊಕುವರಲ್ಲಿ ಹೆಚ್ಚಿನವರ ಹೆಸರನ್ನು ಯಾರೂ ಸಾರಲಿಲ್ಲ. ಡೇಮಿಯನ್ನರನ್ನು ನೆನೆಯುವಾಗ ಅವರನ್ನೂ ಜೊತೆಗೆ ನೆನೆಯುವುದು ನ್ಯಾಯವೆಂದು ನನಗೆ ತೋರುತ್ತದೆ.