ಮರಳಿನಡಿಯ ಊರು ಸ್ಕಾರಾ ಬ್ರೇ



ಸ್ಕಾಟ್ಲೆಂಡಿನ ಉತ್ತರದ ತುದಿಯನ್ನೂ ದಾಟಿ ಕಡಲಲ್ಲಿ ಮುಂದಕ್ಕೆ ಹೋದರೆ ಆರ್ಕ್ನಿ ಎಂಬ ದ್ವೀಪಗಳು ಸಿಗುತ್ತವೆ. ಗಾಳಿ ಹೆಚ್ಚು, ಮರ ಕಡಿಮೆ. ಅಲ್ಲಿನ ಸ್ಕೇಲ್ ಕೊಲ್ಲಿಯ ದಂಡೆಯಲ್ಲಿ ಹುಲ್ಲು ಮುಚ್ಚಿದ ಮರಳು ದಿಬ್ಬವೊಂದಿತ್ತು. 1850ರ ಚಳಿಗಾಲದಲ್ಲಿ ಭಾರಿ ಬಿರುಗಾಳಿ ಬೀಸಿ ಆ ಹುಲ್ಲನ್ನೂ ಮರಳನ್ನೂ ಕಿತ್ತೊಯ್ದಿತು. ಅಡಿಯಲ್ಲಿ ಸ್ಕಾರಾ ಬ್ರೇಯ ಕಲ್ಲಿನ ಮನೆಗಳು ಕಂಡವು. ಸೂರು ಹೋಗಿತ್ತು, ಗೋಡೆಗಳು ನಿಂತಿದ್ದವು.

ಜಮೀನಿನ ಒಡೆಯ ವಿಲಿಯಂ ವಾಟ್ ನಾಲ್ಕು ಮನೆಗಳನ್ನು ಬಗೆಸಿ ನೋಡಿದರು. 1868ರ ಹೊತ್ತಿಗೆ ಆ ಕೆಲಸ ನಿಂತಿತು. ಮುಂದೆ 1913ರಲ್ಲಿ ಕೆಲವರು ಸಲಿಕೆ ಹಿಡಿದು ಬಂದು, ಎರಡೇ ದಿನಗಳಲ್ಲಿ ಅಗೆದು ಕೈಗೆ ಸಿಕ್ಕಿದ್ದನ್ನು ಹೊತ್ತೊಯ್ದರು. ಇದು ನನಗೆ ತುಂಬ ನೋವು ಕೊಡುವ ಸಂಗತಿ. ವಸ್ತು ಹೋಯಿತು ಎಂಬುದಕ್ಕಿಂತ, ಅದು ಯಾವ ಮನೆಯ ಯಾವ ಮೂಲೆಯಲ್ಲಿತ್ತು ಎಂಬ ಸುಳಿವೇ ಅಳಿಸಿಹೋಯಿತು. 1924ರಲ್ಲಿ ಇನ್ನೊಂದು ಬಿರುಗಾಳಿ ಒಂದು ಮನೆಯ ಭಾಗವನ್ನೇ ಕೊಚ್ಚಿಕೊಂಡು ಹೋಯಿತು. ಆಮೇಲೆ ಕಡಲಿಗೆ ತಡೆಗೋಡೆ ಕಟ್ಟಿದರು. 1928ರಿಂದ 1930ರವರೆಗೆ ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಗಾರ್ಡನ್ ಚೈಲ್ಡ್ ಅಲ್ಲಿ ಉತ್ಖನನ ನಡೆಸಿದರು.

ಈಗ ಒಂದು ಮನೆಯೊಳಗೆ ಹೋಗೋಣ, ಬನ್ನಿ. ಬಾಗಿಲ ಎತ್ತರ ಒಂದು ಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ದೊಡ್ಡವರು ಚೆನ್ನಾಗಿ ಬಗ್ಗಬೇಕು, ನಿಮ್ಮಲ್ಲಿ ಚಿಕ್ಕವರು ಹಾಗೇ ನುಗ್ಗಬಹುದು. ಒಳಗೆ ಒಂದೇ ಕೋಣೆ. ನಟ್ಟನಡುವೆ ಕಲ್ಲು ಕಟ್ಟಿದ ಚೌಕದ ಒಲೆ. ಎಡಕ್ಕೂ ಬಲಕ್ಕೂ ಚಪ್ಪಡಿ ನಿಲ್ಲಿಸಿ ಮಾಡಿದ ಮಂಚಗಳು. ಬಾಗಿಲಿಗೆ ಎದುರಾಗಿ ಎರಡು ಅಂತಸ್ತಿನ ಕಲ್ಲಿನ ಕಪಾಟು, ಬಂದವರ ಕಣ್ಣು ಮೊದಲು ಅದರ ಮೇಲೇ ಬೀಳುವ ಹಾಗೆ. ಗೋಡೆಯಲ್ಲಿ ಗೂಡುಗಳು. ನೆಲದಲ್ಲಿ ನೀರು ಸೋರದಂತೆ ಜೇಡಿಮಣ್ಣು ಮೆತ್ತಿದ ಪುಟ್ಟ ತೊಟ್ಟಿಗಳು. ಕೆಲವು ಮನೆಗಳ ಪಕ್ಕದ ಕಿರುಕೋಣೆಯಿಂದ ಚರಂಡಿ ಹೊರಡುತ್ತದೆ. ಆ ಕಿರುಕೋಣೆ ಶೌಚಕ್ಕಿದ್ದ ಜಾಗ ಎಂದು ಹಲವರ ಅಭಿಪ್ರಾಯ. ಮನೆಯಿಂದ ಮನೆಗೆ ಹೋಗಲು ಮೇಲೆ ಕಲ್ಲು ಹೊದಿಸಿದ ತಗ್ಗು ಓಣಿ. ಮನೆಗಳ ಸುತ್ತ ತಿಪ್ಪೆಯ ಮಣ್ಣನ್ನು ದಪ್ಪಗೆ ಪೇರಿಸಿದ್ದರು. ಅದು ಗೋಡೆಗೆ ಆಸರೆ, ಚಳಿಗೆ ಹೊದಿಕೆ.

ಮಂಚವನ್ನೂ ಕಲ್ಲಿನಲ್ಲೇ ಏಕೆ ಮಾಡಿದರು? ಆರ್ಕ್ನಿಯಲ್ಲಿ ಮರ ಅಪರೂಪ. ಕಲ್ಲು ಮಾತ್ರ ಪದರಪದರವಾಗಿ ಸೀಳಿ ಹಲಗೆಯಂತೆ ಏಳುತ್ತದೆ. ಮರದ ಕೊರತೆಯಿಂದಲೇ ಅವರ ಮನೆಯ ಸಾಮಾನು ಇಂದಿಗೂ ಉಳಿದಿದೆ. ಮರದ ಮಂಚವಾಗಿದ್ದರೆ ಎಂದೋ ಮಣ್ಣಾಗುತ್ತಿತ್ತು. ಇಲ್ಲಿನ ಜನ ದನ, ಕುರಿ ಸಾಕಿದರು, ಬಾರ್ಲಿ ಬೆಳೆದರು, ಮೀನು ಹಿಡಿದರು, ಮೂಳೆಯಲ್ಲಿ ಮಣಿ ಕೊರೆದರು. ಲೋಹ ಅವರ ಬಳಿ ಇರಲಿಲ್ಲ.

ಚೈಲ್ಡ್ ದೊಡ್ಡ ವಿದ್ವಾಂಸರು. ಆದರೂ ಈ ಊರು ಬಹಳ ಆಮೇಲಿನ ಕಬ್ಬಿಣದ ಯುಗದ್ದು ಎಂದೇ ಅವರು ಮೊದಲು ಎಣಿಸಿದ್ದರು. ಒಂದು ಬಾಗಿಲ ಬಳಿ ಮಣಿಗಳು ಚೆಲ್ಲಿದ್ದವು. ಊರನ್ನು ಮರಳಲ್ಲಿ ಮುಚ್ಚಿದ ಬಿರುಗಾಳಿಗೆ ಹೆದರಿ ಓಡಿದ ಹೆಂಗಸೊಬ್ಬಳ ಸರ ಕಡಿದು ಬಿದ್ದ ಮಣಿಗಳವು ಎಂಬ ಕಥೆ ಹುಟ್ಟಿತು. ಕೇಳಲು ಎಷ್ಟು ಚೆಂದ! ಆದರೆ 1970ರ ದಶಕದಲ್ಲಿ ಪುರಾತತ್ವಜ್ಞ ಡೇವಿಡ್ ಕ್ಲಾರ್ಕ್ ಮತ್ತೆ ಅಗೆದರು. ಅಷ್ಟು ಹೊತ್ತಿಗೆ ರೇಡಿಯೋ ಕಾರ್ಬನ್ ವಿಧಾನ ಕೈಗೆ ಬಂದಿತ್ತು. ಹಳೆಯ ಮೂಳೆಯಲ್ಲಿ ಉಳಿದಿರುವ ಒಂದು ಬಗೆಯ ಇಂಗಾಲವನ್ನು ಅಳೆದು ವಯಸ್ಸು ಹೇಳುವ ವಿಧಾನ ಅದು. ಸ್ಕಾರಾ ಬ್ರೇಯಲ್ಲಿ ಜನ ಬಾಳಿದ್ದು ಸುಮಾರು ಕ್ರಿ.ಪೂ. 3180ರಿಂದ 2500ರವರೆಗೆ ಎಂದು ಗೊತ್ತಾಯಿತು. ಈಜಿಪ್ಟಿನ ಗೀಜಾದ ಮಹಾ ಪಿರಮಿಡ್ ಏಳುವುದಕ್ಕೂ ಎಷ್ಟೋ ತಲೆಮಾರು ಮೊದಲೇ ಇಲ್ಲಿ ಒಲೆ ಉರಿದಿತ್ತು. ಬಿರುಗಾಳಿಯ ಕಥೆಯನ್ನೂ ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. ಜನ ನಿಧಾನವಾಗಿ ಊರು ಬಿಟ್ಟಿರಬೇಕು ಎನ್ನುತ್ತಾರೆ. ಚೆಂದದ ಕಥೆಯನ್ನೂ ಸಾಕ್ಷಿಯ ಎದುರು ಬಿಟ್ಟುಕೊಡುವುದು ಇತಿಹಾಸಕಾರರ ಧೈರ್ಯ ಎಂದು ನಾನು ನಂಬಿದ್ದೇನೆ.

ಬಿಡಿಸದ ಒಗಟುಗಳೂ ಇವೆ. ವಿದ್ವಾಂಸರು ಏಳನೆಯದು ಎಂದು ಎಣಿಸಿದ ಮನೆಯ ಅಗುಳಿ ಹೊರಗಿನಿಂದ ಹಾಕುವಂಥದ್ದು. ಅದರ ಗೋಡೆಯ ಅಡಿಯಲ್ಲಿ ಇಬ್ಬರು ಹೆಂಗಸರ ಸಮಾಧಿ ಸಿಕ್ಕಿತ್ತು. ಯಾಕಿರಬಹುದು? ನೀವೂ ಯೋಚಿಸಿ. ಹೊಸ ಸುಳಿವುಗಳು ಈಗಲೂ ಸಿಗುತ್ತಿವೆ. ತಿಮಿಂಗಿಲದ ಮೂಳೆಯಲ್ಲಿ ಕೆತ್ತಿದ, ಕಣ್ಣು ಬಾಯಿ ಇರುವ ಪುಟ್ಟ ಗೊಂಬೆಯೊಂದು ವಾಟ್ ಅವರ ಕಾಲದಲ್ಲಿ ಸಿಕ್ಕಿ ಆಮೇಲೆ ಕಾಣೆಯಾಗಿತ್ತು. 2016ರಲ್ಲಿ ಆರ್ಕ್ನಿಯ ಸ್ಟ್ರಾಮ್‌ನೆಸ್ ವಸ್ತುಸಂಗ್ರಹಾಲಯದ ಪೆಟ್ಟಿಗೆಯೊಂದರಲ್ಲಿ ಅದು ಮತ್ತೆ ಸಿಕ್ಕಿತು.

1999ರಲ್ಲಿ ಸ್ಕಾರಾ ಬ್ರೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಡಲು ಇಂದಿಗೂ ಆ ದಂಡೆಯನ್ನು ಕೊರೆಯುತ್ತಲೇ ಇದೆ.

ಮಕ್ಕಳೇ, ಆರ್ಕ್ನಿ ದೂರ, ಬಳ್ಳಾರಿ ಹತ್ತಿರ. ಬಳ್ಳಾರಿಯ ಪಕ್ಕದ ಸಂಗನಕಲ್ಲಿನ ಗುಡ್ಡಗಳಲ್ಲೂ ನವಶಿಲಾಯುಗದ, ಎಂದರೆ ಲೋಹ ಇನ್ನೂ ಬಾರದ ಕಾಲದ ಜನ ದನ ಸಾಕಿಕೊಂಡು, ಕಲ್ಲಿನ ಕೊಡಲಿ ಮಾಡಿಕೊಂಡು ಬಾಳಿದ್ದರು. ಬಂಡೆಗಳ ಮೇಲೆ ಅವರು ಕುಟ್ಟಿ ಬಿಡಿಸಿದ ಎತ್ತುಗಳ ಚಿತ್ರಗಳಿವೆ. ಅಪ್ಪ ಅಮ್ಮನನ್ನೋ ಮೇಷ್ಟ್ರನ್ನೋ ಕೇಳಿ ಒಮ್ಮೆ ಹೋಗಿ ಬನ್ನಿ. ಅಲ್ಲಿ ಕಾಲಿಗೆ ಕೊಡಲಿಯ ಚೂರು ಸಿಕ್ಕರೆ ಜೇಬಿಗೆ ಹಾಕಿಕೊಳ್ಳಬೇಡಿ, ಇದ್ದ ಜಾಗದಲ್ಲೇ ಬಿಟ್ಟು ದೊಡ್ಡವರಿಗೆ ತೋರಿಸಿ.