ಪೈ ಎಂದರೆ 180 ಅಲ್ಲ



ಶಾಲೆಯಲ್ಲಿ ಪೈ ಎಂದರೆ 22/7 ಎಂದ ಹುಡುಗ ಪಿಯುಸಿಗೆ ಬಂದ ಮೇಲೆ 180 ಎನ್ನುವುದುಂಟು. ದಡ್ಡತನವಲ್ಲ, ರೇಡಿಯನ್ ಪಾಠ ಪರಿವರ್ತನೆಯ ಸೂತ್ರದಿಂದಲೇ ಆರಂಭವಾದುದರ ಫಲ.

ಒಂದು ತಟ್ಟೆ, ಒಂದಿಷ್ಟು ದಾರ ಸಾಕು. ತಟ್ಟೆಯ ತ್ರಿಜ್ಯದಷ್ಟು ದಾರ ಕತ್ತರಿಸಿ ಅಂಚಿಗೆ ಸುತ್ತಿಸಿ. ಆ ಕಂಸ ಕೇಂದ್ರದಲ್ಲಿ ಮಾಡುವ ಕೋನವೇ ಒಂದು ರೇಡಿಯನ್; ಸುಮಾರು 57 ಡಿಗ್ರಿ. ಅರ್ಧ ಸುತ್ತಿಗೆ ಅಂಥ ಮೂರು ದಾರ ಸಾಲದು, ಇನ್ನೂ ಚೂರು ಬೇಕು. ಆ ಮೂರು ಚಿಲ್ಲರೆಯೇ ಪೈ. ತಟ್ಟೆ ಚಿಕ್ಕದಿರಲಿ, ದೊಡ್ಡದಿರಲಿ, ಉತ್ತರ ಅದೇ. 360 ಎಂಬುದು ಮನುಷ್ಯ ಆರಿಸಿಕೊಂಡ ಸಂಖ್ಯೆ. ರೇಡಿಯನ್ ವೃತ್ತವೇ ಕೊಡುವ ಅಳತೆ.

ಹೆಸರು ಈಚಿನದು. 1873ರಲ್ಲಿ ಬೆಲ್‌ಫಾಸ್ಟಿನ ಜೇಮ್ಸ್ ಥಾಮ್ಸನ್ ಅವರ ಪ್ರಶ್ನೆಪತ್ರಿಕೆಯಲ್ಲಿ ಅಚ್ಚಾಯಿತು. ವಿಚಾರ ಮಾತ್ರ ಹಳೆಯದು. ಕ್ರಿ.ಶ. 476ರಲ್ಲಿ ಹುಟ್ಟಿದ ಆರ್ಯಭಟನ ಲೆಕ್ಕದಲ್ಲಿ ಪರಿಧಿ 21,600 ಕಲೆ; ಡಿಗ್ರಿಯ ಅರವತ್ತನೆಯ ಒಂದು ಭಾಗವೇ ಕಲೆ. ತ್ರಿಜ್ಯಕ್ಕೂ ಅದೇ ಮಾನ: 3,438 ಕಲೆ. ಹೀಗಾಗಿ 225 ಕಲೆಯ ಕಂಸಕ್ಕೆ ಅವನ ಅರ್ಧಜ್ಯಾ, ಅಂದರೆ ಇಂದಿನ ಸೈನಿನ ಮೂಲರೂಪ, ಅದೂ 225. ಚಿಕ್ಕ ಕೋನದಲ್ಲಿ ಕಂಸವೂ ಸೈನೂ ಹೆಚ್ಚುಕಡಿಮೆ ಒಂದೇ ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ. ಡಿಗ್ರಿಯಲ್ಲಿ ಅಳೆದರೆ ಕಾಣದು.

ಈಗ ತ್ರಿಜ್ಯವನ್ನು 1 ಎನ್ನಿ. ಅದೇ ಏಕಮಾನ ವೃತ್ತ. ಬಲತುದಿಯಿಂದ ಅಂಚಿನ ಮೇಲೆ ನಡೆದ ದೂರವೇ ಕೋನ, ಏರಿದ ಎತ್ತರವೇ ಸೈನ್, ಕೇಂದ್ರದಿಂದ ಅಡ್ಡಲಾಗಿ ಇರುವ ದೂರವೇ ಕೊಸೈನ್. ಕೋಷ್ಟಕದ ಬಾಯಿಪಾಠ ಆಮೇಲೆ ಆಗಲಿ; ಮೊದಲು ಮಕ್ಕಳು ದಾರ ಸುತ್ತಲಿ.